ಬಲಕ್ಕೆ ಹೊರಳದ ಕಣ್ಣು

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿದ್ದ ಹೊಸ ಸೊಸೆಯನ್ನು ಮಾವ ಮೂಡಲಗಿಯ ನನ್ನ ದವಾಖಾನೆಗೆ ಕರೆತಂದು, ಅವಳ ಬಲಕ್ಕೇ ನಿಂತರು. "ತಲಿ ಅಲುಗಾಡಿಸಬ್ಯಾಡವ್ವಾ, ಬರೇ ಕಣ್ಣಿಲೆ ನನ್ನ ಬಟ್ಟು ನೋಡು" ಎಂದೆ. ಎಡಕ್ಕೆ ನೋಡಿದಳು. ಬೆರಳನ್ನು ಬಲಕ್ಕೆ ಒಯ್ದರೆ ಕಣ್ಣು ನಡುವೆಯೇ ನಿಂತುಬಿಟ್ಟವು. ಮತ್ತೊಮ್ಮೆ ನೋಡಿದೆ, ಅದೇ ಕತೆ. ಮಿದುಳಿಗೇ ಪೆಟ್ಟಾಗಿದೆ ಅಂದುಕೊಂಡೆ.

"ಬೆಳಗಾವಿಗೆ ಒಯ್ಯಬೇಕ್ರಿ. ಲಗೂನ ಗಾಡಿ ತರ್ರಿ" ಎಂದೆ. ಮಾವ ಓಡಿದರು.

ಅವರು ಹೊಸ್ತಿಲು ದಾಟಿದ್ದೇ ತಡ, ನನ್ನ ಬೆರಳಿನ ಜೊತೆ ಅವಳ ಎರಡೂ ಕಣ್ಣು ಸಲೀಸಾಗಿ ಬಲಕ್ಕೆ ಹೊರಳಿದವು.

"ಮೊದಲ ಯಾಕ ಈ ಕಡೆ ನೋಡಲಿಲ್ಲವ್ವಾ?"

ಸೆರಗು ಸರಿಮಾಡಿಕೊಂಡು ಹೇಳಿದಳು: "ಮಾವನಾರ ಮುಖಾ ಹ್ಯಾಂಗ ನೋಡ್ಲಿರಿ?"

ಗಾಡಿ ತರುವುದರೊಳಗೆ ಡಾಕ್ಟರು ಮಿದುಳು ರಿಪೇರಿ ಮಾಡಿದರು ಅಂತ ಮಾವ ಇವತ್ತಿಗೂ ಊರ ತುಂಬ ಹೇಳುತ್ತಾರೆ. ರೋಗಿಗಳು ಹೆಚ್ಚಾಗಿದ್ದಾರೆ, ನಾನೂ ತಿದ್ದಲು ಹೋಗಿಲ್ಲ.