ಅಕೆನೆಸೆಯ ಹೇಂಟೆಗಳು, ಅಕೆನೆಸೆಯ ಚಾಪೆ

ನಮ್ಮ ಸವಾಯಿ ದ್ವೀಪದಲ್ಲಿ ಕೋಳಿಯನ್ನು ಯಾರೂ ಸಾಕುವುದಿಲ್ಲ, ಅವು ತಮ್ಮಷ್ಟಕ್ಕೆ ತಾವೇ ಬೆಳೆಯುತ್ತವೆ. ಸಂಜೆ ಒಂದು ಹಿಡಿ ತೆಂಗಿನ ತುರಿ ಎಸೆದರೆ ನಮ್ಮ ಕೆಲಸ ಮುಗಿಯಿತು. ರಾತ್ರಿ ದೀವಿಹಲಸಿನ ಮರ ಹತ್ತಿ ಮಲಗುತ್ತವೆ, ಪೊದೆಯಲ್ಲಿ ಮೊಟ್ಟೆ ಇಡುತ್ತವೆ, ಆ ಮೊಟ್ಟೆ ನಮಗಿಂತ ಮೊದಲು ಹಂದಿಗೆ ಸಿಗುತ್ತದೆ. ಇಂಥ ಊರಿನಲ್ಲಿ ಕೋಳಿಗೆ ಉಣ್ಣಿಸಿ ಬೆಳೆಸುವುದನ್ನು ಬಲ್ಲವಳು ಒಬ್ಬಳೇ, ಅಕೆನೆಸೆ. ಅವಳ ಕತೆ ಹೇಳಹೊರಟವಳು ನಾನು, ತಲಿತ. ಅದನ್ನು ಹೇಳುವ ಯೋಗ್ಯತೆ ನನಗಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆಕ್ಲೆಂಡಿಗೆ ಹೋದವರು ಫ್ರಿಜ್ಜು, ಟೀವಿ ಹೊತ್ತು ಬರುತ್ತಾರೆ. ಅಕೆನೆಸೆ ಒಂಬತ್ತು ವರ್ಷ ಅಲ್ಲಿನ ಕೋಳಿ ಫಾರಂನಲ್ಲಿ ದುಡಿದು ಒಂದು ಜೊತೆ ರಬ್ಬರ್ ಬೂಟು ತಂದಳು. ದುಡಿದದ್ದೆಲ್ಲ ಅಣ್ಣನ ಮಕ್ಕಳ ಶಾಲೆಗೆ ಹೋಗಿದೆಯೆಂದು ನಮಗೆ ಗೊತ್ತಿತ್ತು. ಆದರೂ ನಗಲು ಬೂಟು ಸಾಕಾಯಿತು. ‘ಬೂಟಮ್ಮ’ ಎಂದು ಹೆಸರಿಟ್ಟವಳು ನಾನೇ.

ಮಹಿಳಾ ಮಂಡಳಿಗೆ ಆಚೆ ದ್ವೀಪದ ಪಟ್ಟಣ ಅಪಿಯಾದಿಂದ ಲಾಂಚಿನಲ್ಲಿ ಅರವತ್ತು ಎಳೆ ಹೇಂಟೆಗಳು ಬಂದಾಗ ನಗು ನಿಂತಿತು. ಎಂಟು ವಾರದ ಕಂದು ಹೇಂಟೆಗಳು. ಅವಕ್ಕೆ ಮರ ಹತ್ತಲು ಬಾರದು, ಮಳೆ ಬಂದರೆ ಒಳಗೆ ಓಡಬೇಕೆಂದೂ ತಿಳಿಯದು. ಅಕೆನೆಸೆ ಬೂಟು ಹಾಕಿಕೊಂಡು ಬಂದಳು. ಅಣ್ಣನ ಹಿತ್ತಲಲ್ಲಿ ಗೂಡು ಕಟ್ಟಿಸಿದಳು. ಮುಸ್ಸಂಜೆ ಅರವತ್ತನ್ನೂ ಒಂದೊಂದಾಗಿ ಎತ್ತಿ ಅಡ್ಡಗಳುವಿನ ಮೇಲೆ ಕೂರಿಸಿದಳು. ಮೂರು ಸಂಜೆ ಹಾಗೆ ಮಾಡಿದ ಮೇಲೆ ನಾಲ್ಕನೆಯ ಸಂಜೆ ಅವೇ ಹತ್ತಿದವು. ಹೊಟ್ಟೆ ತುಂಬಿದೆಯೋ ಇಲ್ಲವೋ ಎಂದು ಪ್ರತಿಯೊಂದರ ಕುತ್ತಿಗೆಯ ಬುಡದ ಚೀಲವನ್ನು ಒತ್ತಿ ನೋಡುತ್ತಿದ್ದಳು. ಪ್ರೀತಿಯಿಂದ ತೆಂಗಿನ ತುರಿ ಸುರಿಯಹೋದರೆ ನಮ್ಮನ್ನು ಗದರುತ್ತಿದ್ದಳು.

“ಕೊಬ್ಬು ಕಟ್ಟಿದ್ರೆ ಮೊದಲ್ನೇ ಮೊಟ್ಟೆಗೇ ಸಾಯ್ತವೆ ಕಣ್ರೇ! ಒಂದು ಹಿಡಿ ಸಾಕು, ಅದೂ ಎಲ್ಲಾದಕ್ಕೂ ಸೇರಿ.”

ಗೂಡಿನ ಪಕ್ಕ ಎರಡು ಬಗೆಯ ಮೇವಿನ ಮೂಟೆಗಳಿದ್ದವು. ಒಂದು ಬೆಳೆಯುವ ಹೇಂಟೆಗೆ, ಇನ್ನೊಂದು ಮೊಟ್ಟೆ ಇಡುವ ಕೋಳಿಗೆ. ಎರಡನೆಯದರ ಬಾಯನ್ನು ಅವಳು ಬಿಚ್ಚಿರಲಿಲ್ಲ.

“ಅದ್ರಲ್ಲಿ ಸುಣ್ಣ ಜಾಸ್ತಿ,” ಎಂದಿದ್ದಳು. “ಜುಟ್ಟು ಕೆಂಪಾಗ್ಬೇಕು, ಬೆನ್ನು ಮುಟ್ಟಿದ್ರೆ ಕುಕ್ಕರಿಸಿ ಕೂರ್ಬೇಕು, ಆಮೇಲೆ ಕೊಡೋದು. ಈಗ್ಲೇ ಕೊಟ್ರೆ ಒಳಗೆಲ್ಲ ಗಟ್ಟಿಯಾಗಿ ಸತ್ತುಹೋಗ್ತವೆ.”

ಅಕ್ಟೋಬರಿನ ಬಿಳಿ ಭಾನುವಾರ ನಮ್ಮ ಮಕ್ಕಳ ಹಬ್ಬ. ಅಂದು ಊಟಕ್ಕೆ ದೊಡ್ಡವರಿಗಿಂತ ಮೊದಲು ಮಕ್ಕಳೇ ಕೂರುತ್ತಾರೆ. ಮಂಡಳಿಯ ಸಭೆಯಲ್ಲಿ ಪಾದ್ರಿಯ ಹೆಂಡತಿ, “ಹಬ್ಬಕ್ಕೆ ಮಕ್ಕಳ ತಟ್ಟೆಗೆ ಮೊಟ್ಟೆ ಬೀಳತ್ತಾ ತಲಿತ?” ಎಂದು ಕೇಳಿದಳು. ನಾನು ಕಾರ್ಯದರ್ಶಿ. “ಒಂದೊಂದು ಮಗೂಗೂ ಒಂದೊಂದು!” ಎಂದುಬಿಟ್ಟೆ.

“ನವೆಂಬರ್ ಕೊನೇ ತನಕ ಇಲ್ಲ,” ಎಂದಳು ಅಕೆನೆಸೆ. ಮೆಲ್ಲಗೇ ಹೇಳಿದಳು, ಆದರೆ ಎಲ್ಲರಿಗೂ ಕೇಳಿಸಿತು. ಹೆಂಗಸರು ನನ್ನ ಕಡೆ ನೋಡಿ ಕಿಸಕ್ಕೆಂದರು. ಬೂಟಮ್ಮನ ಕೈಲಿ ನಾನು ಹೇಳಿಸಿಕೊಳ್ಳುವುದೇ ಎಂದು ನನಗೆ ಹಟ ಹುಟ್ಟಿತು.

ಹೇಂಟೆಗಳಿಗೆ ಹನ್ನೆರಡು ವಾರ ತುಂಬಿದಾಗ ಅವಳ ಅತ್ತಿಗೆಗೆ ಅಪಿಯಾದಲ್ಲಿ ಆಪರೇಷನ್ ಆಯಿತು. ಜೊತೆಗಿರಲು ಅಕೆನೆಸೆ ಹೊರಟಳು. ಗೂಡನ್ನು ನನಗೇ ಒಪ್ಪಿಸಿದಳು. “ಬೇರೆಯೋರಾದ್ರೆ ಕಾಯಿತುರಿ ಸುರೀತಾರೆ. ನೀನು ಓದಿದೋಳು,” ಎಂದಳು.

ಅವಳು ಹೋದ ಮರುದಿನವೇ ನಾನು ಎರಡನೆಯ ಮೂಟೆಯ ಹೊಲಿಗೆ ಬಿಚ್ಚಿದೆ. ಮೊಟ್ಟೆಯ ಮೇವು ಹಾಕಿದರೆ ಮೊಟ್ಟೆ ಬರುತ್ತದೆ, ಅಷ್ಟೇ ತಾನೆ ಎಂಬುದು ನನ್ನ ಪಾಂಡಿತ್ಯ. ಸಾಲದೆಂದು ಸಮುದ್ರದ ಚಿಪ್ಪನ್ನು ಸುಟ್ಟು, ಕುಟ್ಟಿ ಬೆರೆಸಿದೆ. ಹೀಗೆ ಹದಿನೆಂಟು ದಿನ ಉಣ್ಣಿಸಿದೆ. ಮೊದಲ ಮೂಟೆಯೂ ಇಳಿದಂತೆ ಕಾಣಲೆಂದು, ಅವಕ್ಕೆ ಸೇರಬೇಕಾದ ಬೆಳೆಯುವ ಮೇವನ್ನು ಬುಟ್ಟಿಯಲ್ಲಿ ಹೊತ್ತು ನನ್ನ ಹಂದಿಗಳಿಗೆ ಹಾಕಿದೆ. ಅವಳು ಬರುವ ಹಿಂದಿನ ದಿನ ಗಂಡ ಪೆನಿಯಮಿನಾನಿಂದ ಬಂದರಿನ ಅಂಗಡಿಯಿಂದ ಮೊಟ್ಟೆಯ ಮೇವಿನ ಹೊಸ ಮೂಟೆ ತರಿಸಿ ಅದೇ ಜಾಗದಲ್ಲಿ ಇಡಿಸಿದೆ.

“ಯಾಕೇ ಈ ಕಳ್ಳಾಟ?” ಎಂದ ಅವನು.

“ಹೆಂಗಸರ ವಿಷಯ ನಿನಗ್ಯಾಕೆ?” ಎಂದೆ.

ತಿಳಿಯದೆ ಮಾಡಿದೆ ಎನ್ನಲಾರೆ. ತಿಳಿಯದೆ ಮಾಡಿದವಳು ಮೂಟೆ ಬದಲಿಸಿಡುವುದಿಲ್ಲ.

ಅವಳು ಬಂದ ನಾಲ್ಕನೆಯ ದಿನ ಮೊದಲ ಹೇಂಟೆ ಸತ್ತಿತು. ನೀರು ಕುಡಿದು ಕುಡಿದು, ಬಿಳಿಬಿಳಿ ಹಿಕ್ಕೆ ಹಾಕಿ, ಕಾಲು ಮಡಚಿ ಕೂತವು ಮತ್ತೆ ಏಳಲಿಲ್ಲ. ವಾರದಲ್ಲಿ ಹತ್ತೊಂಬತ್ತು ಹೋದವು. ಒಳಗೆಲ್ಲ ಗಟ್ಟಿಯಾಗಿ ಸಾಯುತ್ತವೆ ಎಂದು ಅವಳಂದದ್ದು ಪ್ರತಿ ಸಾವಿಗೂ ನೆನಪಾಗುತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಶನಿವಾರ ಮಂಡಳಿ ಸೇರಿತು. ಯಾರೂ ಕೇಳುವ ಮೊದಲೇ ಅಕೆನೆಸೆ ಎದ್ದು ನಿಂತಳು.

“ರೋಗ ತಂದಿದ್ದು ನನ್ನ ಕಾಲು,” ಎಂದಳು. “ಅಪಿಯಾದಲ್ಲಿ ಅತ್ತಿಗೆ ತವರಿನ ಕೋಳಿಗಳ ಮಧ್ಯೆ ಓಡಾಡ್ದೆ. ಬಂದೋಳು ಕಾಲು ತೊಳೀದೆ, ಬೂಟೂ ಹಾಕ್ದೆ ಗೂಡಿಗೆ ನುಗ್ಗಿದೆ. ಅವನ್ನ ನೋಡೋ ಆಸೆ. ಫಾರಂನಲ್ಲಿ ಒಂಬತ್ತು ವರ್ಷ ಇದನ್ನೇ ಬಡ್ಕೊಂಡಿದ್ರು ನನಗೆ.” ಆಮೇಲೆ, “ಉಳಿದ ನಲವತ್ತೊಂದನ್ನೂ ಸೋಮವಾರ ಕೊಯ್ದು ಸುಟ್ಟುಬಿಡ್ಬೇಕು. ಇಲ್ದಿದ್ರೆ ಊರ ಕೋಳಿಗೆಲ್ಲ ಹರಡತ್ತೆ,” ಎಂದಳು.

“ಆಕ್ಲೆಂಡಿನ ವಿದ್ಯೆ ಇಷ್ಟೇನಾ?” ಎಂದು ಹಿಂದಿನಿಂದ ಯಾರೋ ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ಕದಿಯದೇ ಇದ್ದವಳು. ಕದ್ದವಳು ಪಕ್ಕದಲ್ಲೇ ಕೂತು ಮಂಡಳಿಯ ಪುಸ್ತಕದಲ್ಲಿ ದುಂಡಗೆ ಬರೆದುಕೊಂಡಳು: ಅಕೆನೆಸೆಯ ಕಾಲಿನಿಂದ ರೋಗ.

ಸೋಮವಾರ ಬೆಳಿಗ್ಗೆ ಮಂಡಳಿಯ ಮನೆಯ ಮುಂದೆ, ಹುಲ್ಲಿನ ಮೇಲೆ, ಅವಳು ತಲೆಗೆ ಚಾಪೆ ಹೊದ್ದು ಕೂತಿದ್ದಳು. ಕೊಲೆಯಾದರೆ ಕೊಂದವನ ಕುಲದವರು ಸತ್ತವನ ಮನೆಯ ಮುಂದೆ ಹಾಗೆ ಕೂರುತ್ತಾರೆ. ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದಂತೆ. ಕೋಳಿಗಾಗಿ ಯಾರೂ ಕೂತದ್ದಿಲ್ಲ. ಅದು ಅವಳ ತಾಯಿ ಮಗಳ ಮದುವೆಗೆಂದು ನೇಯ್ದ ನವುರಾದ ಚಾಪೆ. ಮದುವೆ ಆಗಲಿಲ್ಲ, ಚಾಪೆ ಪೆಟ್ಟಿಗೆಯಲ್ಲೇ ಉಳಿದಿತ್ತು.

“ಕೋಳಿಗೂ ಚಾಪೆ ಹೊದೀತಾರಾ?” ಎಂದು ಒಬ್ಬಳು ನಗಲು ನೋಡಿದಳು. ಯಾರೂ ಜೊತೆಗೂಡಲಿಲ್ಲ. ಅತ್ತ ಹಿತ್ತಲಲ್ಲಿ ಅವಳ ಅಣ್ಣ ಗುಂಡಿ ತೋಡಿ ತೆಂಗಿನ ಸಿಪ್ಪೆಗೆ ಬೆಂಕಿ ಹಚ್ಚಿದ್ದ, ಹೊಗೆ ಏಳುತ್ತಿತ್ತು. ಪಾದ್ರಿಯ ಹೆಂಡತಿ ನನ್ನ ಭುಜ ಮುಟ್ಟಿದಳು.

“ಹೋಗು ತಲಿತ, ಮಂಡಳಿ ಪರವಾಗಿ ನೀನೇ ಎತ್ತು. ಪಾಪ, ಬಿಸಿಲೇರ್ತಾ ಇದೆ.”

ಕ್ಷಮಿಸಬೇಕಾದವಳು ನಾನು! ನೆಲ ಬಿರಿದು ನುಂಗಬಾರದೆ ಎನಿಸಿತು. ಇಪ್ಪತ್ತು ಹೆಜ್ಜೆಯನ್ನು ಎಳೆದೆಳೆದು ನಡೆದೆ. ಚಾಪೆಯ ಅಂಚು ಹಿಡಿದೆ. ಎತ್ತಿ ಎರಡು ಒಳ್ಳೆಯ ಮಾತಾಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ತಲಿತಳದು ದೊಡ್ಡ ಮನಸ್ಸು ಎಂದು ಊರು ಹೊಗಳುತ್ತಿತ್ತು. ಹಾಗೇ ಮಾಡಲಿದ್ದೆ ಕೂಡ. ಆಗ ಅವಳ ಪಾದಗಳು ಕಂಡವು. ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ ಚರ್ಮ ಸುಲಿದು ಕೆಂಪಾಗಿದ್ದವು.

ನಾನು ಚಾಪೆ ಎತ್ತಲಿಲ್ಲ. ಬಗ್ಗಿ ಅದರೊಳಗೆ ನುಸುಳಿದೆ.

“ಏನೇ ಇದು, ಹುಚ್ಚು ಹಿಡೀತಾ?” ಎಂದಳು.

“ಸ್ವಲ್ಪ ಸರಿ,” ಎಂದೆ.

ಒಳಗೆ ಮಬ್ಬು, ಸೆಕೆ, ಹಳೆಯ ಪೆಟ್ಟಿಗೆಯ ವಾಸನೆ. ಹೊಲಿಗೆ ಬಿಚ್ಚಿದ್ದು, ಚಿಪ್ಪು, ಹಂದಿ, ಹೊಸ ಮೂಟೆ, ಎಲ್ಲ ಹೇಳಿದೆ. ಹೊಡೆಯುತ್ತಾಳೆಂದು ತಲೆ ತಗ್ಗಿಸಿ ಕಾದೆ.

“ಎಷ್ಟು ದಿನ ಕೊಟ್ಟೆ?”

“ಹದಿನೆಂಟು.”

“ಚಿಪ್ಪೂನಾ?”

“ಹೂಂ.”

“ಹಾಗಾದ್ರೆ ಇದು ರೋಗ ಅಲ್ಲ!” ಎಂದು ಚೀರಿದಳು. “ಅಣ್ಣಾ! ಕತ್ತಿ ಕೆಳಗಿಡೋ! ಅಣ್ಣಾ!”

ಚಾಪೆಯಿಂದ ಹೊರಬಿದ್ದು ಸುಲಿದ ಕಾಲಿನಲ್ಲೇ ಓಡಿದಳು. ಚಾಪೆ ನನ್ನ ತಲೆಯ ಮೇಲೆ ಉಳಿಯಿತು.

“ಏನಾಯ್ತು? ಹೊರಗೆ ಬಾರೇ!” ಎಂದು ಹೆಂಗಸರು ಕೂಗಿದರು. ನಾನು ಒಳಗಿನಿಂದಲೇ ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ, ಈ ಸಲ ಗಟ್ಟಿಯಾಗಿ. ಪಾದ್ರಿಯ ಹೆಂಡತಿಯ ಚಪ್ಪಲಿ ಸದ್ದು ಮೊದಲು ದೂರವಾಯಿತು, ಮಿಕ್ಕವರದು ಅದರ ಹಿಂದೆ. ಮಧ್ಯಾಹ್ನ ಕಳೆಯಿತು. ಪೆನಿಯಮಿನಾ ಬಂದು ನೋಡಿ ಹೋದ. ಆ ಚಾಪೆ ಎತ್ತುವ ಹಕ್ಕು ಒಬ್ಬಳಿಗೇ ಇತ್ತು, ಅವಳು ಹೇಂಟೆಗಳಿಗೆ ನೀರು ಕುಡಿಸುತ್ತಿದ್ದಳು.

ಮುಸ್ಸಂಜೆಗೆ ಚಾಪೆ ಮೇಲೆದ್ದಿತು. ಎದುರಿಗೆ ಕಂಡದ್ದು ರಬ್ಬರ್ ಬೂಟು.

“ಒಂಬತ್ತನ್ನ ಅಣ್ಣ ಆಗ್ಲೇ ಕೊಯ್ದಿದ್ದ,” ಎಂದಳು ಅಕೆನೆಸೆ. “ಮೂವತ್ತೆರಡು ಉಳಿದಿವೆ.”

ಶನಿವಾರವೇ ಬಾಯಿ ಬಿಟ್ಟಿದ್ದರೆ ಆ ಒಂಬತ್ತೂ ಬದುಕುತ್ತಿದ್ದವು. ಅದನ್ನು ಅವಳು ಹೇಳಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ಚಾಪೆಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡಳು.

“ಬೆಳಿಗ್ಗೆ ಬಂದು ನೀರು ಹೊತ್ತು ಹಾಕು. ಮೇವಿನ ಮೂಟೆ ಮುಟ್ಬೇಡ.”

ಆ ವರ್ಷ ಹಬ್ಬದ ತಟ್ಟೆಗಳಿಗೆ ಮೊಟ್ಟೆ ಬೀಳಲಿಲ್ಲ. ನವೆಂಬರಿನ ಕೊನೆಯ ವಾರ, ಅವಳು ಹೇಳಿದ್ದ ವಾರದಲ್ಲೇ, ಒಂದು ಹೇಂಟೆ ಬೆನ್ನು ಮುಟ್ಟಿದಾಗ ಕುಕ್ಕರಿಸಿತು, ಮೊಟ್ಟೆಗೆ ಸಿದ್ಧವಾಗಿತ್ತು. ಇದಾಗಿ ಆರು ವರ್ಷ. ಈಗ ಅವಳು ಮೂರು ಊರಿನ ಎಳೆ ಹೇಂಟೆಗಳನ್ನು ಬೆಳೆಸಿಕೊಡುತ್ತಾಳೆ, ನೀರು ಹೊರುವವಳು ಇವತ್ತಿಗೂ ನಾನೇ. ಬಿಂದಿಗೆ ಇಳಿಸುವಾಗ ಅಪ್ಪಿತಪ್ಪಿ ಮೂಟೆಯ ಕಡೆ ವಾಲಿದರೆ, ತಿರುಗಿಯೂ ನೋಡದೆ ಕೂಗುತ್ತಾಳೆ: “ತಲಿತ, ಕೈ!”

ನಾನು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.