ಸಿದ್ದೇಶನ ಹೆಸರಿನ ಫೈಲುಗಳು

ಗೆಳೆಯರೇ, ಇವತ್ತು ಬೆಳಿಗ್ಗೆ ಚಿತ್ರದುರ್ಗದ ನಮ್ಮ ಪುಟ್ಟ ಆಫೀಸಿನಲ್ಲಿ ಕಂಪ್ಯೂಟರ್ ಪರದೆಯ ತುಂಬ ಕೆಂಪು ಸಾಲುಗಳು. ಫೈಲುಗಳು ಸರಿಯಾಗಿ ಉಳಿಯುತ್ತವೆಯೇ ಎಂದು ತಾವಾಗಿಯೇ ನೋಡುವ ಟೆಸ್ಟುಗಳೆಲ್ಲ ಫೇಲ್.

ಸಾಹೇಬರು ನನ್ನ ಟೇಬಲಿಗೇ ಬಂದರು. "ಏನ್ರಿ ಮೇಡಂ ಇದು? ಫೈಲೆಲ್ಲ ಹೋದ್ವಾ?"

ಒಂದು ಫೈಲೂ ಹೋಗಿರಲಿಲ್ಲ. ಆ ಟೆಸ್ಟುಗಳನ್ನು ಬರೆದವನು ನನ್ನ ಪಕ್ಕದ ಕುರ್ಚಿಯ ಸಿದ್ದೇಶ. ಪ್ರತಿ ಟೆಸ್ಟೂ ಅವನ ಹೆಸರಿನಲ್ಲಿ ಒಂದು ಫೈಲು ಮಾಡಿ, ಅದು ಅವನದೇ ತಾನೆ ಎಂದು ಕೇಳುತ್ತದೆ. ಹೋದ ವಾರ ಅವನನ್ನು ಅವನ ಊರು ರಾಮಗಿರಿಯಲ್ಲಿ ಮಣ್ಣು ಮಾಡಿ ಬಂದೆವು. ಕುರ್ಚಿಯ ಮೇಲೆ ಅವನ ಟವೆಲ್ಲು ಇನ್ನೂ ಇದೆ. ಲಾಗಿನ್ ತೆಗೆಯುವುದಕ್ಕೆ ಮಾತ್ರ ಆಫೀಸಿಗೆ ಅವಸರ, ನಿನ್ನೆಯೇ ತೆಗೆದಿದ್ದಾರೆ. ಹಾಗಾಗಿ ಪ್ರತಿ ಸಾಲಿನಲ್ಲೂ ಒಂದೇ ಮಾತು: ಈ ಹೆಸರಿನವರು ಯಾರೂ ಇಲ್ಲ.

ಹಿಂದೆ ಹೀಗೆ ಸುಮ್ಮಸುಮ್ಮನೆ ಫೇಲಾದಾಗ ಸಿದ್ದೇಶ ನಗುತ್ತಿದ್ದ. "ಫೈಲು ಚೆನ್ನಾಗೇ ಐತೆ ಕಣಕ್ಕ, ಜ್ವರ ಬಂದಿರೋದು ಟೆಸ್ಟಿಗೆ."

"ಸುಳ್ಳು ಫೇಲು ಸರ್. ಸಿದ್ದೇಶನ ಹೆಸರು ತೆಗೆದಿದ್ದಕ್ಕೆ ಹಿಂಗಾಗೈತೆ" ಎಂದೆ.

"ಅಷ್ಟೇನಾ? ನಿಮ್ಮ ಹೆಸರು ಹಾಕಿ ಮುಗಿಸ್ರಿ ಮತ್ತೆ."

ಅವನ ಹೆಸರನ್ನು ಒಂದೊಂದಾಗಿ ಅಳಿಸಿ ನನ್ನದು ಬರೆದೆ. ಎಲ್ಲವನ್ನೂ ಒಂದೇ ಸಲಕ್ಕೆ ಬದಲಿಸಬಹುದಿತ್ತು, ಮನಸ್ಸು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಹಸಿರು.

ಸಾಹೇಬರು ಇಣುಕಿ ನೋಡಿ ನಿರಾಳವಾದರು. "ನೋಡ್ರಿ, ಏನೂ ಆಗೇ ಇಲ್ಲ."

ಹೌದು ಸರ್. ಫೈಲುಗಳಿಗೆ ಏನೂ ಆಗಿಲ್ಲ.