ಅಕ್ಕನ ಧ್ವನಿಗೆ ನಾನು ಬರೆದ ಲೈಸೆನ್ಸ್

ಬೀದರಿನ ಹತ್ತಿರದ ಕೊಳಾರದ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ನಾನು ಸೇರಿ ಇಪ್ಪತ್ತು ವರ್ಷದ ಮೇಲಾಯಿತು. ವಾರದಲ್ಲಿ ಆರು ದಿನ ಅವರದು, ಭಾನುವಾರ ನನ್ನದು. ಆ ಭಾನುವಾರಗಳಲ್ಲಿ ನಾನು ಬಹಳ ವರ್ಷ ಒಂದು ಸಂಬಳವಿಲ್ಲದ ಕೆಲಸ ಮಾಡಿದೆ. ಎಲ್ಲರಿಗೂ ಪುಕ್ಕಟೆ ಸಿಗುವ, ಯಾರು ಬೇಕಾದರೂ ತೆರೆದು ನೋಡಿ ತಿದ್ದಬಹುದಾದ ತಂತ್ರಾಂಶಗಳಿಗೆ ಕನ್ನಡ ಕಲಿಸುವ ಕೆಲಸ. ಬೀದರಿನ ನನ್ನ ಬಾಡಿಗೆ ಮನೆಯ ಪಡಸಾಲೆಯಲ್ಲಿ ಕೂತು, ಎಂದೂ ಕಾಣದ ಊರುಗಳ ಜನರ ಜೊತೆ ಒಂದೊಂದು ಅಕ್ಷರಕ್ಕೆ ಜಗಳಾಡುತ್ತಿದ್ದೆ. ಅದರಲ್ಲಿ ನನಗೆ ಸುಖವಿತ್ತು. ಅದೇ ಕೆಲಸದಿಂದ ನನ್ನ ಗೆಳೆಯನೊಬ್ಬನಿಗೆ ದೊಡ್ಡ ಉಪಕಾರವಾಯಿತು, ಮುಂದೆ ನನ್ನ ಕೈಯಾರೆ ಅದು ಕೆಟ್ಟೂ ಹೋಯಿತು.

ಗೆಳೆಯ ಔರಾದಿನವನು. ಕಾಲೇಜಿನ ದಿನಗಳಲ್ಲಿ ಬೀದರಿನಲ್ಲಿ ಒಂದೇ ಖೋಲಿಯಲ್ಲಿದ್ದೆವು. ಮನೆಯಲ್ಲಿ ಅವನು ಆಡುವುದು ದಖನಿ ಉರ್ದು. ಓದಿದ್ದು ಮಾತ್ರ ಕನ್ನಡ, ಅದೂ ಹಟ ಹಿಡಿದು. ಚಿಂತಾಕಿಯ ಕಡೆ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮಾಸ್ತರನಾದ. ಹಳಗನ್ನಡದ ಪದ್ಯವನ್ನು ಅವನ ಬಾಯಿಂದ ಕೇಳಿದವರು ಅವನ ಮನೆಮಾತು ಬೇರೆ ಎಂದರೆ ನಂಬುತ್ತಿರಲಿಲ್ಲ.

ಮೂವತ್ತೈದು ದಾಟಿದ ಮೇಲೆ ಅವನ ಕಣ್ಣು ಮಂಜಾಗತೊಡಗಿತು. ಒಳಗಿನ ಒತ್ತಡ ಹೆಚ್ಚಿ ನರ ಸಾಯುವ ರೋಗ. ಹೈದರಾಬಾದಿಗೆ ಹೋಗಿ ಬಂದ, ಮತ್ತೆ ಹೋದ. ಮೂರು ವರ್ಷದಲ್ಲಿ ಬೆಳಕು ಪೂರ್ತಿ ಆರಿತು. ನೌಕರಿ ಉಳಿಯಿತು. ಪಾಠ ಹೇಳಲು ಅವನಿಗೆ ಪುಸ್ತಕ ಬೇಕಿರಲಿಲ್ಲ, ಆದರೆ ಪುಸ್ತಕಗಳು ಬದಲಾಗುತ್ತಿದ್ದವು. ಅವನ ಹೆಂಡತಿ ಓದುವುದು ಉರ್ದು ಮಾತ್ರ. ಮಕ್ಕಳಿರಲಿಲ್ಲ. ಹೊಸ ಪಾಠವನ್ನು ಅವನಿಗೆ ಓದಿ ಹೇಳುವವರೇ ಇಲ್ಲವಾದರು.

ಫೋನಿನಲ್ಲಿ ಓದಿ ಹೇಳುವ ಸೌಲಭ್ಯ ಆಗಲೇ ಇತ್ತು. ನಾನೇ ಹೋಗಿ ಹಾಕಿಕೊಟ್ಟೆ. ಆ ಯಂತ್ರದ ಧ್ವನಿ ಅಕ್ಷರಕ್ಕೆ ಅಕ್ಷರ ಬಡಿದು ಮಾತಾಡುತ್ತಿತ್ತು. ಒಂದು ಪದ್ಯ ಕೇಳಿಸಿದೆ. ಅವನು ಕಿವಿಯಿಂದ ಫೋನು ದೂರ ಹಿಡಿದ.

"ಯಾರ್, ಇದು ಓದ್ಲತ್ತದೋ, ಕಲ್ಲು ಒಡೀಲತ್ತದೋ?" ಎಂದ.

ನಗುತ್ತಲೇ ಅಂದಿದ್ದ. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ನಗು ಬರಲಿಲ್ಲ. ಆಗ ಅಕ್ಕನ ನೆನಪಾಯಿತು.

ಅಕ್ಕ ಭಾಲ್ಕಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವಳು. ಗಂಟಲು ಎತ್ತರಿಸದೆ ಹಿಂದಿನ ಸಾಲಿಗೆ ಕೇಳಿಸುವ ಧ್ವನಿ ಅವಳದು. ಆಗಷ್ಟೇ ನಿವೃತ್ತಳಾಗಿ ಮಗ, ಸೊಸೆಯ ಜೊತೆ ಇದ್ದಳು. ಒಬ್ಬ ಮನುಷ್ಯ ಸಾವಿರಾರು ವಾಕ್ಯಗಳನ್ನು ಓದಿ ಮುದ್ರಿಸಿಕೊಟ್ಟರೆ, ಆ ಧ್ವನಿಯಲ್ಲಿ ಯಾವ ಹೊಸ ವಾಕ್ಯವನ್ನಾದರೂ ಆಡುವ ಹಾಗೆ ಯಂತ್ರವನ್ನು ತಯಾರಿಸಬಹುದು ಎಂದು ಅವಳಿಗೆ ವಿವರಿಸಿದೆ. ಅವಳಿಗೆ ಅರ್ಧ ತಿಳಿಯಿತು. ಯಾರಿಗಾಗಿ ಎಂದು ಕೇಳಿದಾಗ ಗೆಳೆಯನ ಹೆಸರು ಹೇಳಿದೆ. ಅವನು ಕಾಲೇಜಿನ ದಿನಗಳಿಂದ ಅವಳ ಕೈಯ ರೊಟ್ಟಿ ಉಂಡವನು, ತನ್ನ ಮನೆಮಾತಿನಲ್ಲಿ ಅಕ್ಕ ಎನ್ನುವ ಹಾಗೆ ಅವಳನ್ನು ಆಪಾ ಎನ್ನುತ್ತಿದ್ದವನು.

"ಕೂಡ್ತೇನಿ ತಗೋ," ಎಂದಳು.

ಎರಡು ಬೇಸಿಗೆ ಹಿಡಿಯಿತು. ಜೋಳ ಇಡುವ ಸಣ್ಣ ಕೋಣೆಯ ಗೋಡೆಗೆಲ್ಲ ಕೌದಿ ಹೊದಿಸಿ, ಪಂಖ ಬಂದ್ ಮಾಡಿ, ಮೈಕಿನ ಮುಂದೆ ಅವಳನ್ನು ಕೂರಿಸುತ್ತಿದ್ದೆ. ಓಣಿಯಲ್ಲಿ ಕುರಿ ಹಿಂಡು ಹೋದರೆ ಎಲ್ಲ ದಾಟುವ ತನಕ ಕಾಯಬೇಕು. ಬೆವರು ಕಾಗದದ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಬರೆದು ತಂದ ವಾಕ್ಯಗಳಲ್ಲಿ ತಪ್ಪಿದ್ದರೆ ಅವಳು ಓದುತ್ತಿರಲಿಲ್ಲ. ಮೊದಲು ಕೆಂಪು ಪೆನ್ನಿನಲ್ಲಿ ತಿದ್ದುವುದು, ಆಮೇಲೆ ಓದುವುದು. ಮೂರು ಸಾವಿರಕ್ಕೂ ಹೆಚ್ಚು ವಾಕ್ಯ ಹಾಗೆ ಮುಗಿಸಿದಳು.

ಯಂತ್ರ ತಯಾರಾಯಿತು. ಅದನ್ನು ಲೋಕಕ್ಕೆ ಬಿಡುವ ಮೊದಲು ಒಂದು ಲೈಸೆನ್ಸ್ ಆರಿಸಬೇಕಿತ್ತು. ಮುಕ್ತ ತಂತ್ರಾಂಶದಲ್ಲಿ ಲೈಸೆನ್ಸ್ ಎಂದರೆ ಕೊಡುವವನು ತೆಗೆದುಕೊಳ್ಳುವವನಿಗೆ ಬರೆಯುವ ಕರಾರು. ಎರಡು ಬಗೆ ಮುಖ್ಯ. ಮೊದಲನೆಯದರಲ್ಲಿ ಒಂದು ಷರತ್ತಿದೆ: ಇದನ್ನು ಬಳಸಿ ನೀನು ಏನಾದರೂ ಮಾಡಿ ಹಂಚಿದರೆ, ಅದನ್ನೂ ಇದೇ ರೀತಿ ತೆರೆದಿಡಬೇಕು. ಎರಡನೆಯದರಲ್ಲಿ ಷರತ್ತಿಲ್ಲ. ತಗೋ, ಬೇಕಾದ್ದು ಮಾಡು, ಮುಚ್ಚಿಟ್ಟುಕೊಂಡರೂ ಕೇಳುವುದಿಲ್ಲ.

ಆಗಲೇ ಒಂದು ದಿನ ಗೆಳೆಯ ಬೀದರಿಗೆ ಬಂದ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಎರಡನ್ನೂ ವಿವರಿಸಿದೆ.

"ಷರತ್ತು ಹಾಕು," ಎಂದ ಅವನು ತಕ್ಷಣ. "ಆಪಾ ಎರಡು ಬ್ಯಾಸಗಿ ಬೆವರು ಸುರಿಸ್ಯಾರ. ತಗೊಂಡವ್ರು ವಾಪಸ್ ಕೊಡಬೇಕು."

"ಷರತ್ತು ಕಂಡ್ರ ಕಂಪನಿಯವ್ರು ಹತ್ರ ಬರಂಗಿಲ್ಲೋ. ಅವ್ರು ತಗೊಂಡ್ರ ಎಲ್ಲಾ ಫೋನಿನಾಗ ಅಕ್ಕನ ಧ್ವನಿ ಬರ್ತದ. ನಿನ್ನಂಥೋರು ಎಷ್ಟು ಮಂದಿ ಅದಾರ, ವಿಚಾರ ಮಾಡು."

"ಅವ್ರು ಬಂದು ಏನ್ ಮಾಡ್ತಾರ ಅಂತ ನಿನಗ ಹ್ಯಾಂಗ ಗೊತ್ತು?"

ನಾನು ಚಹಾದ ದುಡ್ಡು ಕೊಟ್ಟು ಅವನನ್ನು ಬಸ್ಸಿಗೆ ಹತ್ತಿಸಿದೆ. ಕಡೆಗೆ ಷರತ್ತಿಲ್ಲದ್ದನ್ನೇ ಆರಿಸಿದೆ. ಉದಾರತನ ಎಂದುಕೊಂಡೆ. ಅದರಲ್ಲಿ ಸ್ವಲ್ಪ ಆಸೆಯೂ ಇತ್ತು, ನನ್ನ ಕೈಯ ಕೆಲಸ ದೊಡ್ಡವರ ಕಣ್ಣಿಗೆ ಬೀಳಲಿ ಎಂಬ ಆಸೆ. ಅಕ್ಕನ ಸಹಿಗೆ ಕಾಗದ ಹಿಡಿದಾಗ ಏನು ಬರೆದಿದೆ ಎಂದು ಕೇಳಿದಳು. "ಯಾರ ಬೇಕಾದ್ರೂ ಬಳಸಬಹುದು ಅಂತ ಅದ," ಎಂದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವಳು ಶಾಲೆಯ ಹಾಜರಿಗೆ ಮಾಡುವಂಥ ದುಂಡನೆಯ ಸಹಿ ಮಾಡಿದಳು.

ಗೆಳೆಯನ ಫೋನಿಗೆ ಧ್ವನಿ ಹಾಕಿಕೊಟ್ಟ ದಿನ ಅವನು ಪಠ್ಯದ ಒಂದು ಪುಟ ಕೇಳಿ, ಮತ್ತೆ ಹಚ್ಚು ಎಂದ. ಮೂರನೆಯ ಸಲ ಅವನ ಹೆಂಡತಿಯೂ ಬಾಗಿಲಲ್ಲಿ ಬಂದು ನಿಂತರು. "ಆಪಾ ಎದುರಿಗಿ ಕೂತು ಓದ್ಲತ್ತಾರಂತನ ಅನಸ್ತದ," ಎಂದ. ಐದಾರು ವರ್ಷ ಅವನು ಹಾಗೆಯೇ ಪಾಠ ತಯಾರು ಮಾಡಿದ. ಶಾಲೆಯ ಖಾಲಿ ಕೋಣೆಯಲ್ಲಿ ಕೂತು, ಒಂದು ಕಿವಿಗೆ ಫೋನು ಹಚ್ಚಿ, ಮುಂದಿನ ತಾಸಿನ ಪದ್ಯವನ್ನು ಕೇಳುವುದು. ಅಲ್ಲಿ ನೆಟ್‌ವರ್ಕ್ ಹಿಡಿಯುವುದಿಲ್ಲ, ಅಕ್ಕನ ಧ್ವನಿಗೆ ಅದು ಬೇಕಾಗಿಯೂ ಇರಲಿಲ್ಲ. ಎಲ್ಲವೂ ಫೋನಿನೊಳಗೇ ಇತ್ತು.

ಅಷ್ಟರಲ್ಲಿ ಬೀದರಿನ ಪೇಟೆಯ ತುಂಬ ಅಗ್ಗದ ಸ್ಮಾರ್ಟ್‌ಫೋನುಗಳು ಬಂದು ಸುರಿದವು. ಒಂದು ವರ್ಷ ಅಂಗಡಿಗಳ ಮೇಲೆಲ್ಲ ಒಂದು ಬಣ್ಣದ ಬೋರ್ಡು, ಮರುವರ್ಷ ಇನ್ನೊಂದು ಬಣ್ಣ. ಒಬ್ಬ ಎರಡು ಕ್ಯಾಮೆರಾ ಕೊಟ್ಟರೆ ಇನ್ನೊಬ್ಬ ನಾಲ್ಕು. ಪೈಪೋಟಿಯಿಂದ ಗಿರಾಕಿಗೆ ಲಾಭ ಎಂದು ನಾನೂ ವಾದಿಸುತ್ತಿದ್ದೆ. ಈಗ ನನ್ನ ಅಭಿಪ್ರಾಯ ಬೇರೆ. ಆ ಕಂಪನಿಗಳು ಕಾದಾಡಿದ್ದು ಕಣ್ಣಿಗೆ ಕಾಣುವುದರ ಮೇಲೆ ಮಾತ್ರ. ಕಣ್ಣಿಲ್ಲದವನಿಗೆ ಕೊಟ್ಟ ಸೌಲಭ್ಯವೊಂದು ಮುಂದಿನ ವರ್ಷ ಉಳಿಯುತ್ತದೋ ಇಲ್ಲವೋ ಎಂಬುದು ಯಾವ ಬೋರ್ಡಿನ ಮೇಲೂ ಇರಲಿಲ್ಲ.

ಅಂಥ ಒಂದು ಕಂಪನಿಯ ಇಂಜಿನಿಯರ್ ನನಗೆ ಮೇಲ್ ಬರೆದ. ನಿಮ್ಮ ಕನ್ನಡ ಧ್ವನಿ ಚೆನ್ನಾಗಿದೆ, ನಮ್ಮ ಫೋನಿಗೆ ಹಾಕುತ್ತೇವೆ, ಮೂಲ ಧ್ವನಿಮುದ್ರಣ ಸಿಗಬಹುದೇ ಎಂದು. ನಾನು ಹಿಗ್ಗಿಹೋದೆ. ಆ ಮೂಲ ಮುದ್ರಣಗಳನ್ನು ಎಲ್ಲೂ ಪ್ರಕಟಿಸಿರಲಿಲ್ಲ, ಬಹಳ ದೊಡ್ಡವು. ನನ್ನ ಮನೆಯ ಒಂದು ಹಾರ್ಡ್ ಡಿಸ್ಕಿನಲ್ಲಿದ್ದವು. ಎರಡು ವಾರ ನಿಧಾನಗತಿಯ ಇಂಟರ್ನೆಟ್ಟಿನಲ್ಲಿ ಎಲ್ಲವನ್ನೂ ಕಳಿಸಿದೆ, ಅದೇ ಷರತ್ತಿಲ್ಲದ ಲೈಸೆನ್ಸಿನ ಮೇಲೆ.

ಅವರು ಮಾಡಿದ ಧ್ವನಿ ನನ್ನದಕ್ಕಿಂತ ಹತ್ತು ಪಟ್ಟು ಚೆನ್ನಾಗಿತ್ತು. ಗೆಳೆಯ ಆ ಫೋನು ಕೊಂಡ. "ಇದರಾಗ ಆಪಾ ಜರಾ ಸಣ್ಣ ವಯಸ್ಸಿನವ್ರಾಗ್ಯಾರ," ಎಂದು ನಕ್ಕ. ಅಕ್ಕನಿಗೆ ಕೇಳಿಸಿದಾಗ ಅವಳು ನಗಲಿಲ್ಲ. "ನಾನೇ ಹೌದು. ಆದ್ರ ನಾ ಹಿಂಗ ಉಸಿರು ತಗೊಳ್ಳದ ಮಾತಾಡಂಗಿಲ್ಲೋ ತಮ್ಮಾ," ಎಂದಳು. ಒಳ್ಳೆಯದು ಒಂದಿರುವಾಗ ನನ್ನದು ಯಾಕೆ ಎಂದು ನಾನು ನನ್ನ ಕೆಲಸ ನಿಲ್ಲಿಸಿದೆ. ಫೋನುಗಳು ಹೊಸದಾಗುತ್ತ ಹೋದಂತೆ ನನ್ನ ಹಳೆಯ ಧ್ವನಿ ಅವುಗಳಿಗೆ ಹೊಂದದಾಯಿತು. ಭಾನುವಾರ ಮಲಗತೊಡಗಿದೆ.

ನಂತರದ್ದು ಬೇಗ ನಡೆಯಿತು. ಆ ಕಂಪನಿ ಪೈಪೋಟಿಯಲ್ಲಿ ಸೋತು ಇನ್ನೊಬ್ಬರ ಕೈಗೆ ಹೋಯಿತು. ಒಂದು ಬೆಳಿಗ್ಗೆ ಗೆಳೆಯನ ಕರೆ.

"ಆಪಾ ಎಲ್ಲಿ ಹೋದ್ರು?" ಎಂದ.

ಫೋನು ತಾನಾಗಿ ಅಪ್‌ಡೇಟ್ ಆಗಿತ್ತು. ಅಕ್ಕನ ಧ್ವನಿ ತೆಗೆದು ಎಲ್ಲ ಭಾಷೆಗೂ ಒಂದೇ ಅಚ್ಚಿನ ಧ್ವನಿ ಹಾಕಿದ್ದರು. ಅದು ದೂರದ ಕಂಪ್ಯೂಟರಿನಿಂದ ಬರುತ್ತಿತ್ತು. ನೆಟ್‌ವರ್ಕ್ ಇಲ್ಲದ ಅವನ ಶಾಲೆಯಲ್ಲಿ ಫೋನು ಮೂಕವಾಯಿತು. ಕಲ್ಲು ಒಡೆಯುವ ಹಳೆಯ ಧ್ವನಿಯನ್ನು ಮತ್ತೆ ಹಾಕಿ ಒಂದು ತಿಂಗಳು ಹೆಣಗಿದ. ಪದ್ಯ ಅದರ ಬಾಯಲ್ಲಿ ಪುಡಿಯಾಗುತ್ತಿತ್ತು. ಕಡೆಗೆ ನೆನಪಿನಿಂದಲೇ ಪಾಠ ಮಾಡತೊಡಗಿದ. ಒಂದು ದಿನ ಹಿಂದಿನ ದಿನ ಮುಗಿಸಿದ ಪಾಠವನ್ನೇ ಮತ್ತೆ ಶುರು ಮಾಡಿದ್ದನಂತೆ. ಇಡೀ ತರಗತಿ ತಾಸು ಮುಗಿಯುವ ತನಕ ಸದ್ದಿಲ್ಲದೆ ಕೇಳಿತಂತೆ.

"ಎಂದೂ ಅಷ್ಟು ಸುಮ್ಕ ಕೂತವ್ರಲ್ಲ," ಎಂದ. "ಆಗ ತಿಳೀತು ನೋಡು. ಪೋರಗೋಳು ನನಗ ಕನಿಕರ ತೋರಿಸ್ಲತ್ತಿದ್ರು."

ಅವನ ಹಳೆಯ ಫೋನು ಎಂದೋ ಕೆಟ್ಟಿತ್ತು, ನನ್ನ ಹಳೆಯ ಧ್ವನಿ ಹೊಸ ಫೋನಿನಲ್ಲಿ ನಡೆಯದು, ಹೊಸದಾಗಿ ಕಟ್ಟಲು ಮೂಲ ಮುದ್ರಣ ಬೇಕು. ಹಾರ್ಡ್ ಡಿಸ್ಕ್ ತೆಗೆದು ಹಚ್ಚಿದೆ. ತಿರುಗಲಿಲ್ಲ. ಬೀದರಿನಲ್ಲಿ ಇಬ್ಬರಿಗೆ ತೋರಿಸಿದೆ, ಹೈದರಾಬಾದಿಗೆ ಕಳಿಸಿದೆ, ಆಗುವುದಿಲ್ಲ ಎಂದು ವಾಪಸು ಕಳಿಸಿದರು. ಕಂಪನಿಗೆ ಬರೆದೆ. ನಾನು ಕೊಟ್ಟದ್ದನ್ನೇ ಒಂದು ಪ್ರತಿ ಮರಳಿಸಿ, ಇಲ್ಲವೇ ನೀವು ಮಾಡಿದ ಧ್ವನಿಯನ್ನು ತೆರೆದಿಡಿ ಎಂದು. ನಾಲ್ಕು ತಿಂಗಳ ಮೇಲೆ ವಿನಯದ ಮೂರು ಸಾಲು ಬಂತು. ಆ ಧ್ವನಿಯ ಕೆಲಸ ನಿಂತಿದೆ. ಕಡತಗಳು ಎಲ್ಲಿವೆ ತಿಳಿಯದು. ಲೈಸೆನ್ಸಿನ ಪ್ರಕಾರ ನಮಗೆ ಯಾವ ಬಾಧ್ಯತೆಯೂ ಇಲ್ಲ.

ಮೂರನೆಯ ಸಾಲು ನಾನೇ ಅವರಿಗೆ ಬರೆದುಕೊಟ್ಟದ್ದು. ಷರತ್ತಿದ್ದಿದ್ದರೆ ಅವರು ಸುಧಾರಿಸಿದ ಧ್ವನಿ ಫೋನು ಮಾರಿದ ದಿನದಿಂದಲೇ ತೆರೆದಿರುತ್ತಿತ್ತು. ನಾವೇ ಇಳಿಸಿಕೊಂಡು ಉಳಿಸಿಕೊಳ್ಳಬಹುದಿತ್ತು. ಅಥವಾ ಅವರು ಅಕ್ಕನ ಧ್ವನಿಯನ್ನು ಮುಟ್ಟುತ್ತಲೇ ಇರಲಿಲ್ಲ, ಆಗ ನಾನು ನನ್ನ ಕೆಲಸ ನಿಲ್ಲಿಸುತ್ತಿರಲಿಲ್ಲ. ಎರಡರಲ್ಲಿ ಯಾವುದಾದರೂ ಗೆಳೆಯನಿಗೆ ಸಾಕಿತ್ತು.

ಅಕ್ಕನನ್ನು ಮತ್ತೆ ಕೂರಿಸೋಣ ಎಂದರೆ, ಅಷ್ಟರಲ್ಲಿ ಅವಳ ಗಂಟಲಿಗೆ ಥೈರಾಯ್ಡಿನ ಆಪರೇಷನ್ ಆಗಿತ್ತು. ಜೀವಕ್ಕೆ ಅಪಾಯವಾಗಲಿಲ್ಲ, ಧ್ವನಿ ಹೋಯಿತು. ಈಗ ಗಾಳಿ ಬೆರೆತ ಒಡಕು ಧ್ವನಿ, ಅದೂ ಸ್ವಲ್ಪ ಹೊತ್ತು. ಭಾಲ್ಕಿಗೆ ಹೋಗಿ ಎಲ್ಲ ಹೇಳಿದೆ. ಲೈಸೆನ್ಸಿನ ವಿಷಯವನ್ನೂ, ಅಂದು ಮುಚ್ಚಿಟ್ಟದ್ದನ್ನೂ. ಅವಳು ಬೈದಿದ್ದರೆ ಚೆನ್ನಾಗಿತ್ತು.

"ಹಂಗಾದ್ರ ನನ್ನ ಧ್ವನಿ ಈಗ ಯಾರ ಹತ್ರನೂ ಇಲ್ಲ," ಎಂದಳು ಪಿಸುಗುಟ್ಟಿದ ಹಾಗೆ.

"ಇಲ್ಲ ಅಕ್ಕ."

ಸೆರಗಿನ ಅಂಚು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ, "ಇದ್ದದ್ದರಾಗೇ ಓದ್ತೇನಿ. ಮೈಕ್ ತಂದೀಯೇನು?" ಎಂದಳು.

ಎರಡು ದಿನ ಓದಿದಳು. ಒಂದೊಂದು ವಾಕ್ಯಕ್ಕೂ ನೀರು ಕುಡಿದು, ಉಸಿರು ಸಾಲದೆ ನಡುವೆ ನಿಂತು, ಮತ್ತೆ ಮೊದಲಿಂದ. ಇನ್ನೂರು ವಾಕ್ಯಕ್ಕೆ ಗಂಟಲು ಕಟ್ಟಿತು. ಸೊಸೆ ಬಂದು, "ಮಾಮಾ, ಸಾಕು ಮಾಡ್ರಿ," ಎಂದಳು. ನನ್ನ ಮುಖ ನೋಡದೆ ಅಂದಳು.

ಆ ಇನ್ನೂರರಲ್ಲಿ ಒಂದು ಧ್ವನಿ ಕಟ್ಟಿದೆ. ಈ ಸಲ ಷರತ್ತು ಹಾಕಿಯೇ ಪ್ರಕಟಿಸಿದೆ. ಇದುವರೆಗೆ ಯಾರೂ ಅದನ್ನು ಕೇಳಿಕೊಂಡು ಬಂದಿಲ್ಲ. ಔರಾದಿಗೆ ಹೋಗಿ ಗೆಳೆಯನ ಫೋನಿಗೆ ಹಾಕಿದೆ. ಅವನು ಪದ್ಯವೊಂದನ್ನು ಹಚ್ಚಿದ. ಧ್ವನಿ ಎರಡು ಸಾಲು ಓದಿತು, ಮೂರನೆಯ ಸಾಲಿನಲ್ಲಿ ಏದುಸಿರು ಬಿಡುವಂತೆ ತಡವರಿಸಿತು. ಅವನು ಕೈಯಿಂದ ಪರದೆಯನ್ನು ಮುಚ್ಚಿದ.

"ಆಪಾರಿಗಿ ಇಷ್ಟು ತ್ರಾಸ ಆಗ್ಯಾದೇನು?"

"ಹೂಂ."

"ತೆಗದು ಬಿಡು ಇದನ್ನ. ನನ್ನ ಸಲುವಾಗಿ ಅವ್ರು ತೇಕೋದು ನಾ ಕೇಳಂಗಿಲ್ಲ."

ತೆಗೆದೆ. ಅದೇ ವರ್ಷ ಅವನು ಸ್ವಯಂ ನಿವೃತ್ತಿಗೆ ಅರ್ಜಿ ಕೊಟ್ಟ. ಈಗ ಮನೆಯಲ್ಲೇ ಇರುತ್ತಾನೆ. ನೆಟ್‌ವರ್ಕ್ ಇದ್ದಾಗ ಆ ಅಚ್ಚಿನ ಧ್ವನಿಯಲ್ಲಿ ಪತ್ರಿಕೆ ಕೇಳುತ್ತಾನೆ. ಪದ್ಯ ಕೇಳುವುದಿಲ್ಲ. ತಿಂಗಳಿಗೊಂದು ಭಾನುವಾರ ನಾನು ಹೋಗಿ ಪುಸ್ತಕ ಓದುತ್ತೇನೆ. ನನ್ನ ಓದು ಅವನಿಗೆ ಹಿಡಿಸುವುದಿಲ್ಲ ಎಂದು ಗೊತ್ತಾಗುತ್ತದೆ, ಅವನು ಹೇಳುವುದಿಲ್ಲ.

ಆ ಧ್ವನಿ ತೆಗೆದು ಔರಾದಿನಿಂದ ಬಂದ ವಾರವೇ ಅಕ್ಕ ಫೋನು ಮಾಡಿದ್ದಳು. "ಕೇಳಿದನೇನು? ಹ್ಯಾಂಗ ಅದ ಅಂದ?" ಎಂದಳು. ಆ ಒಡಕು ಧ್ವನಿಯಲ್ಲಿ ಎಷ್ಟೋ ದಿನಗಳ ಮೇಲೆ ಉತ್ಸಾಹವಿತ್ತು.

"ದಿನಾ ಕೇಳ್ತಾನ ಅಕ್ಕ," ಎಂದೆ.

"ಹಂಗಾದ್ರ ಇನ್ನಾ ಜರಾ ಓದ್ತೇನಿ. ಜಾಸ್ತಿ ಆದ್ರ ಛಲೋ ಆಗ್ತದ ಅಂದಿದ್ದಿ ಅಲಾ?"

"ಹೂಂ, ಆಗ್ತದ," ಎಂದೆ. ಮುಂದಿನ ಭಾನುವಾರ ಮೈಕು ಹಿಡಿದು ಭಾಲ್ಕಿಯ ಬಸ್ಸು ಹತ್ತಿದೆ. ಅವಳು ಹದಿನೇಳು ವಾಕ್ಯ ಓದಿದಳು. ಆಮೇಲಿನ ತಿಂಗಳು ಹನ್ನೊಂದು. ನಾನು ಎಲ್ಲವನ್ನೂ ಮುದ್ರಿಸಿಕೊಳ್ಳುತ್ತಿದ್ದೇನೆ, ಎರಡು ಕಡೆ ಪ್ರತಿ ಇಡುತ್ತಿದ್ದೇನೆ.